ಕಾಲಿನ ಪಾಲು

ಗೂಳಿಹಳ್ಳಿಯ ಹಾಲಿನ ಡೇರಿಯ ಅಂಗಳದಲ್ಲಿ, ಕ್ಯಾನುಗಳನ್ನು ಜೋಡಿಸಿಡುವ ಕಟ್ಟೆಯ ಪಕ್ಕಕ್ಕೆ, ಚಕ್ರಗಳಿಲ್ಲದ ಒಂದು ಸೈಕಲ್ಲನ್ನು ನೆಲಕ್ಕೆ ಬಿಗಿದು ನಿಲ್ಲಿಸಿದ್ದರು. ಹತ್ತಿ ಕುಳಿತು ಐದು ನಿಮಿಷ ತುಳಿದರೆ ಎದುರಿನ ಫಲಕದಲ್ಲಿ ಕೆಂಪು ಅಂಕಿಗಳು ಏರುತ್ತ ಇಳಿಯುತ್ತ ಕೊನೆಗೆ ಒಂದು ಸಂಖ್ಯೆಯಲ್ಲಿ ನಿಲ್ಲುತ್ತಿದ್ದವು. ಅಷ್ಟು ವಾಟ್ ಆ ಮನುಷ್ಯನ ಕಾಲ್ಬಲ. ಯಂತ್ರದ ಹೆಸರು ಕಾಲ್ಬಲಮಾಪಕ. ಹಾಲಿನ ಕೊಬ್ಬು ಅಳೆಯುವುದನ್ನು ದಿನಕ್ಕೆರಡು ಸಲ ನೋಡುವ ಊರಿಗೆ ಅಳತೆ ಹೊಸದೇನೂ ಅಲ್ಲ. ಅಳೆಸಿಕೊಳ್ಳುವ ಸರದಿ ಹಸುವಿನಿಂದ ತಮ್ಮ ಮೊಣಕಾಲಿಗೆ ಬಂದದ್ದಷ್ಟೇ ಹೊಸದು.

ಮೊದಲು ಹತ್ತಿದವನು ಕದಿರಪ್ಪ. ವಯಸ್ಸು ಎಪ್ಪತ್ತೊಂದು. ಅಂದು ಬೆಳಿಗ್ಗೆ ಎರಡು ಹೊರೆ ಹುಲ್ಲು ಕೊಯ್ದು ತಲೆಯ ಮೇಲೆ ಹೊತ್ತು ತಂದಿದ್ದವನು ಈಗ ಇಬ್ಬರ ಹೆಗಲಿಗೆ ಕೈ ಹಾಕಿಕೊಂಡು ಬಂದ. ಪೆಡಲಿನ ಮೇಲೆ ಕಾಲಿಟ್ಟು ಒಮ್ಮೆ ನರಳಿದ. ಐದು ನಿಮಿಷದಲ್ಲಿ ಮೂರು ಸಲ ನೀರು ಕೇಳಿದ. ಫಲಕದಲ್ಲಿ ಹತ್ತೊಂಬತ್ತು ಬಂತು. ಅಷ್ಟು ಕಡಿಮೆ ಬಲದ ಮನುಷ್ಯ ಸೈಕಲ್ಲಿನವರೆಗೆ ಹೇಗೆ ಬಂದನೆಂಬಂತೆ, ಅಂಕಿ ಬರೆದುಕೊಳ್ಳುತ್ತಿದ್ದ ಹುಡುಗಿ ಒಮ್ಮೆ ತಲೆಯೆತ್ತಿ ನೋಡಿದಳು.

ಇಳಿದವನು ಸರದಿಯಲ್ಲಿ ನಿಂತಿದ್ದ ಗಂಗರತ್ನಮ್ಮನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಅಮ್ಮಯ್ಯ, ಸರ್ಕಾರದ ಮಿಷನ್ ಮುಂದೆ ಗಟ್ಟಿಮುಟ್ಟಾಗಿ ಕಾಣಬ್ಯಾಡ. ನಿಧಾನಕ್ಕೆ ತುಳಿ."

"ಇದ್ಯಾತಕ್ಕೆ ಅಳೀತಾವ್ರೆ ಮಾವ?"

"ಯಾತಕ್ಕಾದ್ರೂ ಆಗ್ಲಿ. ಕೊಡೋದಾದ್ರೆ ಇಲ್ಲದೋರ್ಗೇ ಕೊಡೋದು."

ಇದು ಕದಿರಪ್ಪನೊಬ್ಬನ ಕುಯುಕ್ತಿಯಲ್ಲ, ಇಡೀ ಊರಿನ ಅನುಭವಸಿದ್ಧ ಶಾಸ್ತ್ರ. ಕಣ್ಣಿನ ತಪಾಸಣೆ ಬಂದಾಗ ಮಾನಕ್ಕಂಜಿ ಕೆಳಗಿನ ಸಾಲಿನವರೆಗೂ ಊಹಿಸಿ ಓದಿದವರಿಗೆ ಕನ್ನಡಕ ಸಿಗಲಿಲ್ಲ. ಮನೆಗಳ ಸಮೀಕ್ಷೆ ಬಂದಾಗ ಅಧಿಕಾರಿ ಬರುತ್ತಾನೆಂದು ಗೋಡೆಗೆ ಸುಣ್ಣ ಹೊಡೆಸಿದ ಮೂವರ ಹೆಸರು ಪಟ್ಟಿಯಿಂದ ಹೋಯಿತು. ಮಳೆಗೆ ಕುಸಿದ ಗೋಡೆಯನ್ನು ಹಾಗೇ ಬಿಟ್ಟವನು ಹೊಸ ಮನೆಯಲ್ಲಿ ಮಲಗಿದ. ಅಳೆಯಲು ಬಂದವರ ಮುಂದೆ ಚೆನ್ನಾಗಿರುವುದು ಅಪಾಯವೆಂದು ಗೂಳಿಹಳ್ಳಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ.

ಬೆಟ್ಟವನ್ನು ನೋಡಿಕೊಳ್ಳುವ ಪ್ರಾಧಿಕಾರದ ಅಧಿಕಾರಿ ಧ್ವನಿವರ್ಧಕದಲ್ಲಿ ಉದ್ದೇಶವನ್ನು ಹೇಳಿದ್ದನೆಂಬುದೂ ನಿಜವೇ. "ಪ್ರತಿಯೊಬ್ಬ ಸವಾರರ ಗರಿಷ್ಠ ಅನುಮತ ಸಹಾಯಕ ಶಕ್ತಿಯನ್ನು ಅವರ ಸ್ವಶಕ್ತಿಯ ಅನುಪಾತದಲ್ಲಿ ನಿಗದಿಪಡಿಸುವ ಸಲುವಾಗಿ" ಎಂದು ಅವನು ಓದಿದ್ದ. ಅದರಲ್ಲಿ ಊರಿಗೆ ಕೇಳಿಸಿದ್ದು 'ಸಹಾಯಕ' ಎಂಬ ಒಂದೇ ಮಾತು.

ಗಂಗರತ್ನಮ್ಮ ಹತ್ತಿದಳು. ಐವತ್ತೆರಡು ವರ್ಷದ ಗಟ್ಟಿ ಹೆಂಗಸು. ಗಂಡ ತೀರಿಕೊಂಡು ಒಂಬತ್ತು ವರ್ಷ. ಅಶಕ್ತ ಒಂಟಿ ಮಹಿಳೆಯರ ಪಟ್ಟಿಯಲ್ಲಿ ಅವಳ ಹೆಸರಿತ್ತು, ತಿಂಗಳಿಗೊಮ್ಮೆ ಅಕ್ಕಿ, ಬೇಳೆ ಮನೆಗೆ ಬರುತ್ತಿತ್ತು. ಆ ಪಟ್ಟಿ ನೆನಪಾಗಿ ಎಡಗಾಲನ್ನು ಸ್ವಲ್ಪ ಎಳೆದಳು. ಫಲಕ ನಲವತ್ತೈದಕ್ಕೆ ನಿಂತಿತು.

ಅದೇ ಹೊತ್ತಿಗೆ ಅಂಗಳದ ಇನ್ನೊಂದು ಮೂಲೆಯಲ್ಲಿ, ಅಂಥದೇ ಮತ್ತೊಂದು ಯಂತ್ರದ ಮುಂದೆ, ಬೆಂಗಳೂರಿನ ಸವಾರರ ಸಾಲಿತ್ತು. ಅವರು ಮೂರು ವಾರದಿಂದ ತಾಲೀಮು ಮಾಡಿ ಬಂದಿದ್ದರು. ಮೈಗಂಟಿದ ಬಣ್ಣದ ಬಟ್ಟೆ ತೊಟ್ಟ ನಿಶಾಂತ್ ಎಂಬ ಯುವಕ ಹಲ್ಲು ಕಚ್ಚಿ ತುಳಿದು ಇನ್ನೂರ ಅರವತ್ತೆರಡಕ್ಕೆ ಮುಟ್ಟಿಸಿದಾಗ ಅವನ ಗೆಳೆಯರು ಚಪ್ಪಾಳೆ ತಟ್ಟಿದರು. ಕದಿರಪ್ಪ ಅವನನ್ನು ಮರುಕದಿಂದ ನೋಡಿದ. "ಪಾಪ, ಅದಕ್ಕೇನೂ ಸಿಗಲ್ಲ" ಎಂದ.

*

ಈ ಶಿಬಿರದ ಹಿಂದೆ ನಾಲ್ಕು ವರ್ಷದ ಜಗಳವಿತ್ತು.

ಊರಿನ ಬೆನ್ನಿಗೆ ಅಂಟಿಕೊಂಡಂತಿರುವ ಗೂಳಿಬೆಟ್ಟಕ್ಕೆ ಒಂಬತ್ತು ತಿರುವಿನ ಒಂದು ಕಾಲುದಾರಿಯಿದೆ. ಬೆಟ್ಟ ಹತ್ತುವ ವಿದ್ಯುತ್ ಸೈಕಲ್ಲುಗಳು ಬಂದಮೇಲೆ ಭಾನುವಾರಗಳಲ್ಲಿ ಅದು ದಾರಿಯಾಗಿ ಉಳಿಯಲಿಲ್ಲ, ಮೆರವಣಿಗೆಯಾಯಿತು. ಹಳೆಯ ನಿಯಮದಂತೆ ಮೋಟಾರು ಇನ್ನೂರೈವತ್ತು ವಾಟ್ ಮೀರುವಂತಿರಲಿಲ್ಲ. ಮೀರಿದರೆ ಅದು ಸೈಕಲ್ಲಲ್ಲ, ವಾಹನ. ವಾಹನಕ್ಕೆ ಬೆಟ್ಟದಲ್ಲಿ ಪ್ರವೇಶವಿಲ್ಲ. ಆದರೆ ತಯಾರಕರು ಐನೂರು, ಎಂಟುನೂರು, ಸಾವಿರ ಎಂದು ಏರಿಸುತ್ತ ಹೋದರು, ಮೇಲೆ ಮಾತ್ರ ಇನ್ನೂರೈವತ್ತೆಂಬ ಚೀಟಿ ಅಂಟಿಸುತ್ತ ಹೋದರು.

ಹೆಚ್ಚು ಬಲದ ಮೋಟಾರು ಮಣ್ಣಿಗೆ ಏನು ಮಾಡುತ್ತದೆಂಬುದು ಸರಳ ಭೌತಶಾಸ್ತ್ರ. ಕಡಿದಾದ ತಿರುವಿನಲ್ಲಿ ಸವಾರ ಒಂದು ಕ್ಷಣ ನಿಂತು ಮತ್ತೆ ಹೊರಡುತ್ತಾನೆ. ಕಾಲಿನ ಬಲ ಮೆಲ್ಲಗೆ ಏರುವುದರಿಂದ ಹಿಂದಿನ ಚಕ್ರಕ್ಕೆ ನೆಲವನ್ನು ಹಿಡಿಯಲು ಸಮಯ ಸಿಗುತ್ತದೆ. ಸಾವಿರ ವಾಟ್ ಒಮ್ಮೆಲೇ ಬಂದರೆ ಹಿಡಿತ ಸಿಗುವ ಮುಂಚೆಯೇ ಚಕ್ರ ಸುತ್ತಿ, ಮಣ್ಣನ್ನು ಕೋಳಿ ಕೆದರಿದಂತೆ ಹಿಂದಕ್ಕೆ ಎಸೆಯುತ್ತದೆ. ದಿನಕ್ಕೆ ಇನ್ನೂರು ಸವಾರರು ಹೀಗೆ ಹೊರಟರೆ ಅಲ್ಲೊಂದು ಚರಂಡಿ ಹುಟ್ಟುತ್ತದೆ.

ಐದನೇ ತಿರುವಿನಲ್ಲಿ ಹಾಗೆ ಹುಟ್ಟಿದ ಚರಂಡಿ ಗಂಗರತ್ನಮ್ಮನ ಸೊಂಟದ ಆಳಕ್ಕಿತ್ತು. ಆ ತಿರುವಿನ ನೇರ ಕೆಳಗೆ ಊರಿನ ಕಲ್ಯಾಣಿ. ಕುಡಿಯುವ ನೀರಿಗೆ ಊರು ನಂಬಿದ್ದು ಅದೊಂದನ್ನೇ. ತಿರುವು ಕುಸಿದರೆ ಬೆಟ್ಟದ ಮಣ್ಣೆಲ್ಲ ಬಂದು ಕೂರುವುದು ಅದರಲ್ಲೇ. ಗಂಗರತ್ನಮ್ಮ ಮತ್ತು ಆರು ಹೆಂಗಸರು ದಾರಿಯನ್ನು ರಿಪೇರಿ ಮಾಡುವ ಕೆಲಸದವರು. ಸಾಮಾನು ಹೊರುವ ವಿದ್ಯುತ್ ಸೈಕಲ್ಲೊಂದರಲ್ಲಿ ಗರಸಿನ ಮೂಟೆ ಹೇರಿಕೊಂಡು ಹೋಗಿ, ಗುಂಡಿ ತುಂಬಿ, ಕಲ್ಲು ಕಟ್ಟಿ ಬರುತ್ತಿದ್ದರು. ಅವರು ಒಂದು ವಾರ ಕಟ್ಟಿದ್ದನ್ನು ಒಂದು ಭಾನುವಾರ ಕೆದರುತ್ತಿತ್ತು.

ಪ್ರಾಧಿಕಾರ ಸಭೆ ಕರೆಯಿತು. ಮೋಟಾರನ್ನೇ ಒಪ್ಪದ ಶುದ್ಧ ಸವಾರರು ಬಂದರು. ಊರಿನಲ್ಲಿ ಅವರನ್ನು ಬರಿಗಾಲಿನವರು ಎನ್ನುತ್ತಿದ್ದರು, ಅವರ ಕಾಲಲ್ಲಿದ್ದಷ್ಟು ದುಬಾರಿಯ ಬೂಟು ಬೇರೆ ಯಾರಲ್ಲೂ ಇರಲಿಲ್ಲವಾದರೂ. ನಿಶಾಂತನ ಗುಂಪಿನ ಸಾವಿರ ವಾಟಿನವರು ಬಂದರು. ತಪ್ಪು ಮೋಟಾರಿನದಲ್ಲ, ತರಬೇತಿ ಇಲ್ಲದ ಸವಾರರದು ಎಂದು ಅವರು ಪಟ ಹಾಕಿ ತೋರಿಸಿದರು. ಗಂಗರತ್ನಮ್ಮ ಎದ್ದು, "ಗುಡ್ಡ ಕೀಳೋ ಮೋಟಾರು ನಮ್ಗೆ ಬ್ಯಾಡ. ಕಲ್ಯಾಣಿಗೆ ಮಣ್ಣು ಬಿದ್ರೆ ನಿಮ್ಮ ಪಟದಿಂದ ನೀರು ಬರ್ತದಾ?" ಎಂದು ಕೇಳಿ ಕುಳಿತಳು.

ಆಗ ಡಾಕ್ಟರ್ ಪ್ರಣೀತ ಉಡುಪರು ತಮ್ಮ ಸೂತ್ರವನ್ನು ಮುಂದಿಟ್ಟರು. ಮನುಷ್ಯನ ಚಲನೆಯನ್ನೇ ಅಧ್ಯಯನ ಮಾಡಿದ ಸಾಧು ವಿಜ್ಞಾನಿ ಅವರು. ಎಲ್ಲರಿಗೂ ಒಂದೇ ಮಿತಿ ಹಾಕುವುದು ಅವೈಜ್ಞಾನಿಕ, ಪಯಣದಲ್ಲಿ ಕಾಲಿನ ಪಾಲೆಷ್ಟು ಎಂಬುದೇ ಮುಖ್ಯ ಎಂದರು. ಸವಾರನ ಕಾಲ್ಬಲದ ನಾಲ್ಕು ಪಟ್ಟಿಗಿಂತ ಹೆಚ್ಚನ್ನು ಮೋಟಾರು ಕೊಡದಂತೆ ತಡೆಯುವ ಮುಷ್ಟಿಗಾತ್ರದ ಒಂದು ಸಾಧನವನ್ನು ತೋರಿಸಿದರು. ಅದರ ಹೆಸರು ಪಾಲುಗೀಲು, ಅಂದರೆ ಪಾಲಿನ ಕೀಲು; ಊರಿನ ಬಾಯಲ್ಲಿ ಬರೀ ಗೀಲು. ಒಬ್ಬೊಬ್ಬರ ಕೈಬರಹ ಬೇರೆಯಿರುವಂತೆ ಒಬ್ಬೊಬ್ಬರ ತುಳಿತದ ಲಯವೂ ಬೇರೆ. ಗೀಲು ಆ ಲಯದಿಂದ ಆಳನ್ನು ಗುರುತಿಸುತ್ತದೆ. ಆದ್ದರಿಂದ ಇನ್ನೊಬ್ಬರ ಬಲವನ್ನು ಎರವಲು ತರುವಂತಿಲ್ಲ. ಇಷ್ಟೆಲ್ಲದರಲ್ಲಿ ಊರಿನವರಿಗೆ ತಿಳಿದದ್ದು ಮೋಟಾರಿಗೆ ಗೀಲು ಬೀಳುತ್ತದೆಂಬುದಷ್ಟೇ, ಅದಕ್ಕೂ ತಮ್ಮ ಕಾಲಿಗೂ ಇರುವ ಸಂಬಂಧವಲ್ಲ.

ಸಭೆ ಒಕ್ಕೊರಲಿನಿಂದ ಒಪ್ಪಿತು. ಈ ಗೀಲು ಇನ್ನೊಬ್ಬರಿಗೆ ಬೀಳುತ್ತದೆಂದು ಪ್ರತಿಯೊಬ್ಬರೂ ತಿಳಿದುಕೊಂಡಿದ್ದರಿಂದ ಒಮ್ಮತ ಕಷ್ಟವಾಗಲಿಲ್ಲ.

*

ಗೀಲು ಹಾಕಿದ ಮರುದಿನ ಗಂಗರತ್ನಮ್ಮ ಎಂದಿನಂತೆ ಅರವತ್ತು ಕಿಲೋ ಗರಸು ಹೇರಿಕೊಂಡು ಹೊರಟಳು. ನಲವತ್ತೈದರ ನಾಲ್ಕು ಪಟ್ಟು ನೂರ ಎಂಬತ್ತು. ಮೊದಲ ತಿರುವಿನಲ್ಲಿ ಮೋಟಾರು ಸೊಳ್ಳೆಯ ಹಾಗೆ ಹಾಡಿತು. ಎರಡನೆಯ ತಿರುವಿನ ಏರಿನಲ್ಲಿ ಹಾಡನ್ನೂ ನಿಲ್ಲಿಸಿತು. ಸೈಕಲ್ಲು ಹಿಂದಕ್ಕೆ ಜಾರಿ, ಮೂಟೆ ಒಡೆದು, ಅವಳ ಮೊಣಕೈ ತರಚಿಹೋಯಿತು.

ಗರಸನ್ನು ಬೊಗಸೆಯಲ್ಲಿ ಬಾಚುತ್ತಿದ್ದಾಗ ಕೆಳಗಿನಿಂದ ಸದ್ದು ಬಂತು. ನಿಶಾಂತ್ ಮತ್ತು ಅವನ ಹಿಂದೆ ಹದಿನಾಲ್ಕು ಜನ. ಅವನ ಕಾಲ್ಬಲಕ್ಕೆ ಸಾವಿರದ ನಲವತ್ತೆಂಟು ವಾಟ್ ಮಂಜೂರಾಗಿತ್ತು. ನಿನ್ನೆಯವರೆಗೆ ಕದ್ದು ಓಡಿಸುತ್ತಿದ್ದ ಮೋಟಾರಿಗೆ ಇಂದು ಹಸಿರು ಮುದ್ರೆ ಬಿದ್ದಿತ್ತು.

"ಅಕ್ಕ, ಏಟಾಯ್ತಾ?" ಎಂದ ಅವನು, ನಿಜವಾದ ಕಳಕಳಿಯಿಂದಲೇ. "ಮೋಟಾರ್ ಯಾಕೆ ಎಳೀತಿಲ್ಲ? ಬ್ಯಾಟರಿ ಚೆಕ್ ಮಾಡ್ಸಿ."

ಅವಳು ಗರಸು ಬಾಚುತ್ತಲೇ ಇದ್ದಳು. ಅವರು ಹೊರಟಾಗ ಹದಿನೈದು ಚಕ್ರಗಳು ಒಂದಾದ ಮೇಲೊಂದು ಅವಳ ಮೇಲೆ ಮಣ್ಣೆರಚಿ ಹೋದವು. ಮಳೆಗೆ ಮೂರು ವಾರವಿತ್ತು. ಐದನೇ ತಿರುವಿಗೆ ಇನ್ನೂ ನಾನೂರು ಮೂಟೆ ಬೇಕಿತ್ತು. ತಲೆಯ ಮೇಲೆ ಹೊತ್ತರೆ ಎರಡು ತಿಂಗಳ ಕೆಲಸ.

ಸೀರೆಯ ಮಣ್ಣನ್ನು ಕೊಡವದೆ ಅವಳು ನೇರ ಡೇರಿಯ ಅಂಗಳಕ್ಕೆ ಬಂದಳು. ಉಡುಪರು ಕಾಗದಗಳನ್ನು ಕಟ್ಟಿಡುತ್ತಿದ್ದರು.

"ಸಾರ್, ನಿಮ್ಮ ಗೀಲು ಬಿಚ್ಚಿ."

"ಬಿಚ್ಚಲಿಕ್ಕೆ ಬರುವುದಿಲ್ಲ ಗಂಗರತ್ನಮ್ಮ. ಮೊಹರು ಮಾಡಿದೆ. ನಿಮ್ಮ ಕಾಲ್ಬಲ ನಲವತ್ತೈದು, ಅಲ್ಲವೇ?" ಅವರು ಪುಸ್ತಕ ನೋಡಿದರು. "ನಿಮ್ಮ ಊರಿನ ಸರಾಸರಿಯೇ ಮೂವತ್ತೊಂದು. ನನಗೂ ಆಶ್ಚರ್ಯ. ಅಪೌಷ್ಟಿಕತೆಯ ಬಗ್ಗೆ ಒಂದು ಟಿಪ್ಪಣಿ ಬರೆಯಬೇಕೆಂದಿದ್ದೇನೆ."

"ಅಪೌಷ್ಟಿಕತೆ ಅಲ್ಲ. ಬೇಕಂತ ನಿಧಾನಕ್ಕೆ ತುಳಿದ್ವಿ."

ಉಡುಪರು ಪೆನ್ನು ಕೆಳಗಿಟ್ಟರು. "ಯಾಕೆ?"

"ಯಾತಕ್ಕೆ ಅಳೀತೀರಿ ಅಂತ ನಮ್ಗೆ ತಿಳಿಯೋ ಹಂಗೆ ಯೋಳಿದ್ರಾ ನೀವು? ಇಲ್ಲೀಗಂಟ ಬಂದೋರೆಲ್ಲ ಬಲ ಇಲ್ಲದೋರ್ಗೆ ಕೊಡ್ತೀವಿ ಅಂತಿದ್ರು. ನೀವೇ ಮೊದ್ಲು, ಇರೋರ್ಗೆ ಕೊಡೋಕೆ ಬಂದೋರು."

"ಹಾಗಲ್ಲ. ಅನುಪಾತ ಎಲ್ಲರಿಗೂ ಒಂದೇ. ನಾಲ್ಕು ಪಟ್ಟು. ಇದರಲ್ಲಿ ಪಕ್ಷಪಾತವೇ ಇಲ್ಲ."

"ಸರಿ, ನಾನು ಸುಳ್ಳು ತುಳಿದೆ ಅಂತಿಟ್ಕಳಿ. ನಿಜ ತುಳಿದ್ರೂ ಆ ಹುಡುಗನ ಅರ್ಧ ಬತ್ತೀನಿ. ಅವ್ನು ಖಾಲಿ ಬೆನ್ನಲ್ಲಿ ಹೋಗ್ತಾನೆ, ಫೋಟೋ ತಕ್ಕಂಡು ಬತ್ತಾನೆ. ನಾನು ಅರವತ್ತು ಕಿಲೋ ಹೊರ್ತೀನಿ. ಬಲ ಇರೋನಿಗೆ ಬಲದ ನಾಲ್ಕು ಪಟ್ಟು, ಇಲ್ಲದೋಳಿಗೆ ಇಲ್ಲದ್ದರ ನಾಲ್ಕು ಪಟ್ಟು. ಇದ್ನ ಕಂಡ್ಹಿಡಿಯೋಕೆ ಎಷ್ಟು ವರ್ಷ ಓದಿದ್ರಿ ಸಾರ್?"

ಉಡುಪರು ಇಪ್ಪತ್ತೆರಡು ವರ್ಷ ಓದಿದ್ದರು. ಅದನ್ನು ಹೇಳುವ ಸಂದರ್ಭ ಇದಲ್ಲವೆಂದು ಅವರಿಗೂ ಹೊಳೆಯಿತು. ಸೂತ್ರದಲ್ಲಿ ಹೊರೆಗೆ ಒಂದು ಅಕ್ಷರವನ್ನೂ ಇಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿ ಯಾರೂ ಮೂಟೆ ಹೊತ್ತುಕೊಂಡು ಬಂದಿರಲಿಲ್ಲ.

"ಮರು ಅಳತೆ ಒಂದು ವರ್ಷದ ನಂತರವೇ," ಎಂದರು ಮೆಲ್ಲಗೆ. "ಆದರೆ ಅಳತೆ ತಪ್ಪಾಗಿದೆಯೆಂದು ನಾನೇ ಬರೆದುಕೊಟ್ಟರೆ ಒಮ್ಮೆ, ನಿಮ್ಮೊಬ್ಬರಿಗೆ, ಮತ್ತೆ ಅಳೆಯಬಹುದು. ಉಳಿದವರೂ ಸುಳ್ಳು ತುಳಿದರೆಂದು ಬರೆದರೆ ಇಡೀ ಶಿಬಿರವೇ ರದ್ದಾಗುತ್ತದೆ."

ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಕದಿರಪ್ಪ ಎದ್ದು ಬಂದ. "ಬ್ಯಾಡ ಕಣಮ್ಮಯ್ಯ. ಗಟ್ಟಿ ಅಂತ ಒಂದ್ಸಲ ಬರೆಸ್ಕಂಡ್ರೆ ಅಳಿಸೋರು ಯಾರೂ ಇಲ್ಲ. ನಿನ್ನ ಪಟ್ಟಿ ನೆನಪೈತಾ?"

"ಕಲ್ಯಾಣಿ ಮುಚ್ಚೋದ್ರೆ ಆ ಅಕ್ಕೀನ ಯಾತ್ರಲ್ಲಿ ಬೇಯಿಸ್ಲಿ ಮಾವ?"

ಅವಳು ಹತ್ತಿ ಕುಳಿತಳು. ಈ ಸಲ ತುಳಿದದ್ದು ಕಾಲುಗಳಷ್ಟೇ ಅಲ್ಲ. ನಿಶಾಂತನ ಚಕ್ರ ಎರಚಿದ ಮಣ್ಣು, ಸಭೆಯ ಪಟಗಳು, 'ಬ್ಯಾಟರಿ ಚೆಕ್ ಮಾಡ್ಸಿ' ಎಂಬ ಸವಿನುಡಿ, ಎಡಗಾಲು ಎಳೆದ ತನ್ನದೇ ಹೇಡಿತನ ಎಲ್ಲವೂ ಸೇರಿ ಆ ಪೆಡಲಿನ ಮೇಲೆ ಬಿದ್ದವು. ನೆಲಕ್ಕೆ ಬಿಗಿದ ಮೊಳೆಗಳು ಕಿರುಗುಟ್ಟಿದವು. ನೂರ ಮೂವತ್ತೆಂಟು.

"ಅದ್ಭುತ," ಎಂದರು ಉಡುಪರು.

"ಅದ್ಭುತ ಅಲ್ಲ ಸಾರ್, ಸಿಟ್ಟು," ಎಂದಳು ಗಂಗರತ್ನಮ್ಮ. "ಅದಕ್ಕೆ ಎಷ್ಟು ಪಟ್ಟು ಕೊಡ್ತೀರಿ ಯೋಳಿ."

*

ಐನೂರ ಐವತ್ತೆರಡು ವಾಟ್ ಸಿಕ್ಕಿತು. ಹದಿನೆಂಟು ದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಗರಸು ಹೊತ್ತಳು, ಉಳಿದ ಆರು ಮಂದಿ ಮೇಲೆ ನಿಂತು ಕಲ್ಲು ಕಟ್ಟಿದರು. ಕೊನೆಯ ಮೂಟೆ ಸುರಿದ ಮೂರನೆಯ ದಿನ ಮಳೆ ಹೊಡೆಯಿತು. ಊರಿನವರೆಲ್ಲ ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ಬೆಟ್ಟವನ್ನೇ ನೋಡುತ್ತಿದ್ದರು. ಐದನೇ ತಿರುವು ಅಲುಗಲಿಲ್ಲ. ನೀರು ಏರಿತು, ಕೆಳಗಿನ ಮೆಟ್ಟಿಲು ಕಾಣುವಷ್ಟು ತಿಳಿಯಾಗಿಯೇ ಏರಿತು.

ಆಷಾಢದಲ್ಲಿ ಅವಳಿಗೊಂದು ಪತ್ರ ಬಂತು. ಬೇರೊಂದು ಇಲಾಖೆಯದು. "ಪ್ರಾಧಿಕಾರದ ದತ್ತಾಂಶದ ಪ್ರಕಾರ ತಮ್ಮ ಕಾಲ್ಬಲವು ಮೂರೇ ದಿನಗಳಲ್ಲಿ ನಲವತ್ತೈದರಿಂದ ನೂರ ಮೂವತ್ತೆಂಟಕ್ಕೆ ಏರಿರುವುದು ಸಂತೋಷದ ಸಂಗತಿ. ತಾವು ಸಂಪೂರ್ಣ ಸಶಕ್ತರಾಗಿರುವುದರಿಂದ ತಮ್ಮ ಹೆಸರನ್ನು ಅಶಕ್ತರ ಪಟ್ಟಿಯಿಂದ ಕೈಬಿಡಲಾಗಿದೆ." ಅದೇ ಅಂಚೆಯಲ್ಲಿ ಕದಿರಪ್ಪನಿಗೂ ಒಂದು ಬಂದಿತ್ತು. ಹತ್ತೊಂಬತ್ತು ವಾಟಿನ ಮನುಷ್ಯನಿಗೆ ಎದ್ದು ಓಡಾಡಲು ಕಷ್ಟವಾಗಬಹುದೆಂದು ಕುಳಿತು ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯೊಂದನ್ನು ಮಂಜೂರು ಮಾಡಿದ್ದರು. ಅವನು ಅದನ್ನು ಹುಲ್ಲು ತರಲು ಇಟ್ಟುಕೊಂಡ. ನಾನು ಹೇಳಿರಲಿಲ್ಲವೇ ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ. ಅವಳ ಮನೆಯ ಮುಂದೆ ದಿನಕ್ಕೆರಡು ಸಲ ಗಾಡಿ ತಳ್ಳಿಕೊಂಡು ಹೋದ, ಅಷ್ಟೆ.

ಗಂಗರತ್ನಮ್ಮ ಪತ್ರವನ್ನು ಉಡುಪರ ಮುಂದೆ ಹಿಡಿದಾಗ ಅವರು ಎರಡು ಸಲ ಓದಿದರು.

"ಇದಕ್ಕಾಗಿ ನಾನು ಅಳೆದದ್ದಲ್ಲಮ್ಮ," ಎಂದರು.

"ಗೊತ್ತು ಸಾರ್. ಅಳೆಯೋರು ಯಾರೂ ಯಾತಕ್ಕೂ ಅಳೆಯಾಕಿಲ್ಲ. ಆಮ್ಯಾಕೆ ಆ ಅಂಕಿ ತಾನೇ ಹೋಗಿ ಎಲ್ಲೆಲ್ಲೋ ಕೂತ್ಕತದೆ."

ಅವರು ಆ ಇಲಾಖೆಗೆ ಒಂದು ದೀರ್ಘ ಪತ್ರ ಬರೆದರು. ಉತ್ತರ ಬರಲಿಲ್ಲ. ಅಕ್ಕಿಯೂ ಬರಲಿಲ್ಲ. ಸಿಟ್ಟು ಮಾತ್ರ ಬೆಳಗಾದರೆ ಬರುತ್ತಿತ್ತು, ಅದನ್ನು ಯಾವ ಪಟ್ಟಿಯಿಂದಲೂ ಯಾರೂ ಕೈಬಿಟ್ಟಿರಲಿಲ್ಲ.

ಆದರೆ ಹಾಗೆ ಹೋಗಿ ಕೂರುವ ಅಂಕಿಗಳಿಗೆ ಊರು-ಪೇಟೆಯೆಂಬ ಭೇದವಿಲ್ಲ. ಬೇಸಿಗೆಯ ಆರಂಭದಲ್ಲಿ ಗೂಳಿಬೆಟ್ಟದ ಹುಲ್ಲಿಗೆ ಬೆಂಕಿ ಬೀಳುವುದು ವಾಡಿಕೆ. ಬೆಂಕಿ ನಂದಿಸಲು ಆಳು ಸಾಲದೆ ಒದ್ದಾಡುತ್ತಿದ್ದ ಪ್ರಾಧಿಕಾರದ ಯಾರೋ ಒಬ್ಬ ಜಾಣನಿಗೆ ಕಾಲ್ಬಲದ ಪುಸ್ತಕ ಕಣ್ಣಿಗೆ ಬಿತ್ತು. ಬೆಟ್ಟ ಹತ್ತುವ ಬಲಿಷ್ಠರೆಲ್ಲರ ಹೆಸರು, ವಿಳಾಸ, ಅಂಕಿಯ ಸಮೇತ ಅಲ್ಲಿ ಸಿದ್ಧವಾಗಿತ್ತು. ಆದೇಶ ಹೊರಟಿತು: ಬೆಟ್ಟದ ಪರವಾನಗಿ ಪಡೆದವರಲ್ಲಿ ಇನ್ನೂರು ವಾಟ್ ಮೀರಿದವರೆಲ್ಲರೂ ಪ್ರತಿ ಬೇಸಿಗೆಯಲ್ಲಿ ಹನ್ನೆರಡು ದಿನ ಬೆಟ್ಟದ ಮೇಲೆ ಹುಲ್ಲು ಸವರಿ, ಬೆಂಕಿ ಹಬ್ಬದಂತೆ ತಡೆಯುವ ಬೆಂಕಿರೇಖೆ ತೆಗೆಯಬೇಕು.

ನಿಶಾಂತ್ ಮತ್ತು ಅವನ ಹದಿನಾಲ್ಕು ಗೆಳೆಯರು ಹನ್ನೆರಡು ದಿನ ಕುಡುಗೋಲು ಹಿಡಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಗೂಳಿಹಳ್ಳಿಗೆ ಎಪ್ಪತ್ತು ವರ್ಷದ ಅನುಭವ ಕಲಿಸಿದ್ದನ್ನು ಅವರು ಹನ್ನೆರಡೇ ದಿನದಲ್ಲಿ ಕಲಿತರೆಂದರೆ ಅದು ವಿದ್ಯಾವಂತಿಕೆಯ ಫಲವೇ ಇರಬೇಕು.

*

ಮುಂದಿನ ಶಿಬಿರದಲ್ಲಿ ಡೇರಿಯ ಅಂಗಳಕ್ಕೆ ಮೊದಲು ಬಂದವನು ನಿಶಾಂತ್. ಎಡಗಾಲನ್ನು ಎಳೆಯುತ್ತ ಬಂದ. ಗೆಳೆಯನೊಬ್ಬನ ಹೆಗಲು ಹಿಡಿದು ಹತ್ತಿದ. ಎರಡು ಸಲ ಕೆಮ್ಮಿದ. ಇಪ್ಪತ್ತೊಂದು ಬಂತು. ಅವನ ಹಿಂದಿನವನಿಗೆ ಹದಿನೆಂಟು. ಬರಿಗಾಲಿನವರ ಅಧ್ಯಕ್ಷರಿಗೆ, ಹೋದ ವರ್ಷ ಮುನ್ನೂರರ ಹತ್ತಿರ ಹೋಗಿದ್ದವರಿಗೆ, ಹದಿನಾರು. ಕಟ್ಟೆಯ ಮೇಲೆ ಕುಳಿತ ಕದಿರಪ್ಪ ಪಟ್ಟು ತಿಳಿದ ಉಸ್ತಾದನಂತೆ ಒಬ್ಬೊಬ್ಬರನ್ನೂ ಗಮನಿಸಿದ. "ನರಳೋದು ಇನ್ನೊಂದೀಟು ಮೊದ್ಲೇ ಸುರು ಮಾಡ್ಬೇಕು" ಎಂದು ಒಬ್ಬನಿಗೆ ತಿದ್ದಿದ.

ನಗರವಾಸಿಗಳ ಕಾಲ್ಬಲ ಒಂದೇ ವರ್ಷದಲ್ಲಿ ಹೀಗೆ ಕುಸಿದದ್ದಕ್ಕೆ ಗಾಳಿ ಕಾರಣವೋ ಆಹಾರ ಕಾರಣವೋ ಎಂದು ಮೂರು ವಿಶ್ವವಿದ್ಯಾಲಯಗಳು ಸಂಶೋಧನೆ ಕೈಗೊಂಡವು. ಉಡುಪರು ಅದರಲ್ಲಿ ಸೇರಲಿಲ್ಲ. ಸಾವಿರ ವಾಟಿನ ಮೋಟಾರುಗಳು ಎಂಬತ್ತು ವಾಟಿನ ಚಾಕರಿಗೆ ಕೂತವು. ಬಲದ ಮೋಟಾರು ಬೇಕೇ ಬೇಡವೇ ಎಂಬ ಜಗಳ ಯಾರೂ ಗೆಲ್ಲದೆ, ಯಾರೂ ಸೋಲದೆ, ಜಗಳವಾಡುವವರಿಗೆ ಬೆಟ್ಟ ಹತ್ತಲಾಗದೆ ನಿಂತುಹೋಯಿತು.

ಗಂಗರತ್ನಮ್ಮನೊಬ್ಬಳೇ ಈ ಸಲವೂ ಪೂರ್ತಿ ತುಳಿದಳು. ಪಟ್ಟಿಯಿಂದ ಹೆಸರು ಆಗಲೇ ಹೋಗಿತ್ತು, ಕಳೆದುಕೊಳ್ಳಲು ಇನ್ನೇನೂ ಇರಲಿಲ್ಲ. ಸಿಟ್ಟು ಒಂದು ವರ್ಷ ಮಾಗಿತ್ತು. ನೂರ ನಲವತ್ತೊಂದು. ನಾಲ್ಕು ಪಟ್ಟಿಗೆ ಐನೂರ ಅರವತ್ತನಾಲ್ಕು. ಬಲದ ಮೋಟಾರು ಬೇಡವೆಂದು ಸಭೆಯಲ್ಲಿ ಎದ್ದು ನಿಂತಿದ್ದವಳ ಬಳಿಯೇ ಈಗ ಇಡೀ ಗೂಳಿಬೆಟ್ಟದ ಅತಿ ಬಲವಾದ ಮೋಟಾರಿತ್ತು.

ಆ ಭಾನುವಾರ ಅವಳು ಮಳೆಗಾಲದ ಮುಂಚಿನ ಗರಸು ಹೇರಿಕೊಂಡು ಹೊರಟಾಗ ದಾರಿಯುದ್ದಕ್ಕೂ ಬಣ್ಣದ ಬಟ್ಟೆಯವರು, ಗಟ್ಟಿಯಾಗಿ ತುಳಿದರೆ ಯಾರಾದರೂ ಬಲ ಕಂಡುಹಿಡಿದಾರೆಂದು, ಸೈಕಲ್ಲುಗಳನ್ನು ತಳ್ಳಿಕೊಂಡು ಏರುತ್ತಿದ್ದರು. ಅವಳ ಮೋಟಾರಿನ ಸದ್ದಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೂರನೇ ತಿರುವಿನಲ್ಲಿ ನಿಶಾಂತ್ ಸಿಕ್ಕಿದ. ಮುಖ ಕೆಂಪಾಗಿತ್ತು. ಸಾವಿರ ವಾಟಿನ ಸೈಕಲ್ಲು ಅವನಿಗಿಂತ ಭಾರವಾಗಿ ಅವನ ಮೈಮೇಲೆ ಒರಗಿತ್ತು.

"ಅಕ್ಕ, ಒಂದ್ ಹಗ್ಗ ಇದೆಯಾ? ಮೇಲಿನ ತನಕ ಸ್ವಲ್ಪ ಎಳ್ಕೊಂಡು ಹೋಗ್ತೀರಾ? ಕಾಲು ತುಂಬಾ ನೋವು."

ಅವನು ಕುಂಟುತ್ತ ಎರಡು ಹೆಜ್ಜೆ ಹತ್ತಿರ ಬಂದ. ಗಂಗರತ್ನಮ್ಮ ಬ್ರೇಕು ಹಿಡಿದು, ಚಕ್ರ ಮಣ್ಣು ಕೆದರದಂತೆ ಮೆಲ್ಲಗೆ ನಿಲ್ಲಿಸಿ, ಅವನ ಕಾಲುಗಳನ್ನು ನೋಡಿದಳು.

"ಡೇರಿ ತಾವ ಎಡಗಾಲು ಕುಂಟ್ತಿದ್ದೆಯಲ್ಲಪ್ಪ," ಎಂದಳು. "ಇವತ್ತು ಬಲಗಾಲು."

ನಿಶಾಂತ್ ಒಂದು ಕ್ಷಣ ಯೋಚಿಸಿದ. ಆಮೇಲೆ ಕಾಲು ಬದಲಾಯಿಸಿದ.

ಅವಳು ಹಗ್ಗ ಬಿಚ್ಚಲಿಲ್ಲ. ಇಳಿದು, ಹಿಂದಿನ ಎರಡು ಮೂಟೆಗಳಲ್ಲಿ ಒಂದನ್ನು ಎತ್ತಿ ಅವನ ಹೆಗಲ ಮೇಲಿಟ್ಟಳು.

"ಐದನೇ ತಿರುವಲ್ಲಿ ಇಳಿಸು," ಎಂದಳು. "ಯಾರಾದ್ರೂ ಅಳೆಯೋಕೆ ಬಂದ್ರೆ ನಾನೇ ಕೂಗಿ ಯೋಳ್ತೀನಿ. ಅಲ್ಲೀಗಂಟ ಎರಡೂ ಕಾಲಲ್ಲಿ ನಡಿ."

ಅವನು ನಡೆದ. ಚೆನ್ನಾಗಿಯೇ ನಡೆದ.